ಗೋಡೆಯಲ್ಲಿ ಬಿಟ್ಟ ಜಾಗ

ಹೊಸ ಗೋಡೆಯನ್ನು ನಂಬಬಾರದು. ಹೊರಗಿನಿಂದ ಒಣಗಿದ ಹಾಗೆ ಕಂಡರೂ ಒಳಗೆ ನೀರು ಹಿಡಿದುಕೊಂಡಿರುತ್ತದೆ. ಸಮುದ್ರದ ಬದಿಯ ಗೋಡೆಯಾದರೆ ನೀರಿನ ಜೊತೆಗೆ ಉಪ್ಪೂ ಇರುತ್ತದೆ. ಹಾಗಾಗಿ ನಾನು ಯಾವ ಗೋಡೆಗೂ ಮೊದಲ ದಿನ ಬಣ್ಣದ ಡಬ್ಬ ಕೊಂಡುಹೋಗುವುದಿಲ್ಲ. ಒಂದು ಮೊಳ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಗೋಡೆಗೆ ಅಂಟಿಸಿ ಮನೆಗೆ ಬಂದುಬಿಡುತ್ತೇನೆ. ಮರುದಿನ ಹಾಳೆಯ ಒಳಗಡೆ ಬೆವರಿದ್ದರೆ ಗೋಡೆ ಇನ್ನೂ ತಯಾರಾಗಿಲ್ಲ ಎಂದು ಅರ್ಥ. ಕಾಪುವಿನಿಂದ ಉದ್ಯಾವರದ ಕಡೆಗೆ ಬರುವಾಗ, ಹೆದ್ದಾರಿಯಿಂದ ಸ್ವಲ್ಪ ಒಳಗೆ ಕಟ್ಟಿದ್ದ ಆ ಸಣ್ಣ ಮೀನು ಮಾರುಕಟ್ಟೆಯ ಗೋಡೆ ಬೆವರಿತ್ತು, ಚೆನ್ನಾಗಿಯೇ ಬೆವರಿತ್ತು. ಕಾಯಬೇಕಾಯಿತು. ನನಗೆ ಕಾಯುವುದೆಂದರೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಆದರೆ ಆ ದಿನಗಳಲ್ಲಿ ಕಾಯದೇ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಹಳೆಯ ಶೆಡ್ ಕೆಡವಿ ಅದೇ ಜಾಗದಲ್ಲಿ ಪಂಚಾಯತಿಯವರು ಹೊಸ ಕಟ್ಟಡ ಎಬ್ಬಿಸಿದ್ದರು. ಒಳಗೆ ಬಿಳಿ ಟೈಲ್ಸ್ ಹಾಕಿದ ಉದ್ದನೆಯ ಕಟ್ಟೆ, ಕಟ್ಟೆಯ ಹಿಂದೆ ಅಷ್ಟೇ ಉದ್ದದ ಗೋಡೆ. ಉದ್ಘಾಟನೆ ಆಗುವವರೆಗೆ ಮೀನು ಮಾರುವ ಹೆಂಗಸರು ರಸ್ತೆ ಬದಿಯಲ್ಲಿ ಟಾರ್ಪಾಲಿನ ಅಡಿಯಲ್ಲಿ ಕುಳಿತಿದ್ದರು. ಕಟ್ಟಡದ ಉಸ್ತುವಾರಿ ವಹಿಸಿದ್ದ ಪಂಚಾಯತಿ ಸದಸ್ಯರು ನನ್ನನ್ನು ಕರೆಸಿ, “ಮೇಡಂ, ನಮ್ಮ ಸಂಸ್ಕೃತಿ ಕಾಣುವ ಹಾಗೆ ಒಂದು ದೊಡ್ಡ ಚಿತ್ರ ಆಗ್ಬೇಕು” ಎಂದಿದ್ದರು.

ಯಾವ ಸಂಸ್ಕೃತಿ ಎಂದು ನಾನು ಕೇಳಲಿಲ್ಲ. ಉತ್ತರ ಗೊತ್ತೇ ಇತ್ತು. ಯಕ್ಷಗಾನದ ಒಂದು ಕಿರೀಟ, ಕಂಬಳದ ಒಂದು ಜೊತೆ ಕೋಣ, ಮೂಲೆಯಲ್ಲಿ ಕಾಪುವಿನ ದೀಪಸ್ತಂಭ. ಮಣಿಪಾಲದಿಂದ ಕಾರ್ಕಳದವರೆಗೆ ಶಾಲೆ, ಹೋಟೆಲು, ಬಸ್ ನಿಲ್ದಾಣ ಎನ್ನದೆ ಇದನ್ನೇ ಬರೆದೂ ಬರೆದೂ ಕೋಣದ ಕೊಂಬಿನ ತಿರುವು ನನ್ನ ಕೈಗೆ ಬಾಯಿಪಾಠವಾಗಿದೆ. ನಾನು ಕಾರ್ಕಳದ ಒಂದು ಕ್ರಿಶ್ಚಿಯನ್ ಮನೆಯವಳು, ಮನೆಮಾತು ಕೊಂಕಣಿ. ನಮ್ಮ ಮನೆಯಲ್ಲಿ ಕೋಣವೂ ಇರಲಿಲ್ಲ, ಕಿರೀಟವೂ ಇರಲಿಲ್ಲ. ಆದರೂ ‘ನಮ್ಮ ಸಂಸ್ಕೃತಿ’ ಎಂದರೆ ಸಾಕು, ಕೈ ತಾನಾಗಿಯೇ ಅತ್ತ ಹೋಗುತ್ತದೆ. ಕಾಗದದ ಮೇಲೆ ನಕಾಶೆ ಬಿಡಿಸಿಕೊಂಡು ಹೋಗಿ ಟಾರ್ಪಾಲಿನ ಅಡಿಯಲ್ಲಿ ಹರಡಿದೆ.

ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಹಿರಿಯರು ಮೊದಲ ಜಾಗದಲ್ಲಿ ಕೂರುವ ಅಕ್ಕ. ಉಳಿದವರೆಲ್ಲ ಅವರನ್ನು ಹಿರಿಯಕ್ಕ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಅವರು ಕಾಗದವನ್ನು ದೂರ ಹಿಡಿದು ನೋಡಿದರು.

“ಎಂತ ಬಾಯಮ್ಮ, ಈ ಕೋಣಗಳು ಮೀನು ತಿಂತವಾ?”

ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಬಾಯಮ್ಮ ಎಂದೇ ಕರೆಯುವುದು. ಅವರು ಆಡಿದ್ದು ತುಳು, ಇಲ್ಲಿ ಎಲ್ಲರ ಮಾತನ್ನೂ ಕನ್ನಡಕ್ಕೆ ತಂದುಕೊಂಡಿದ್ದೇನೆ. ಆ ನಗುವನ್ನು ಮಾತ್ರ ತರುವುದಕ್ಕೆ ಆಗುವುದಿಲ್ಲ.

“ತಿನ್ನುವುದಿಲ್ಲ ಹಿರಿಯಕ್ಕ.”

“ಮತ್ತೆ ಅವಕ್ಕೆ ಇಲ್ಲಿ ಎಂತ ಕೆಲಸ? ಇಲ್ಲಿ ಕೂರುವುದು ನಾವಲ್ವಾ?”

ನನಗೆ ಸಿಟ್ಟು ಬಂತು. ಎರಡು ದಿನದ ಕೆಲಸವನ್ನು ಒಂದೇ ಮಾತಿನಲ್ಲಿ ಮಡಚಿ ಕೈಗೆ ಕೊಟ್ಟಿದ್ದರು. ಆದರೆ ಮಣಿಪಾಲದ ನನ್ನ ಬಾಡಿಗೆ ಮನೆಗೆ ಸ್ಕೂಟರಿನಲ್ಲಿ ಮರಳುವಾಗ ದಾರಿಯುದ್ದಕ್ಕೂ ನಗು ಬಂತು. ಗೋಡೆ ಒಣಗುವವರೆಗೆ ಆ ಹೆಂಗಸರನ್ನೇ ಬರೆದುಕೊಳ್ಳುವುದೆಂದು ತೀರ್ಮಾನಿಸಿದೆ. ಹೋಗಿ ಹೇಳಿದಾಗ ಸದಸ್ಯರು ಒಂದು ಕ್ಷಣ ಯೋಚಿಸಿ, “ಆಗ್ಬಹುದು ಮೇಡಂ, ಮಹಿಳಾ ಸಬಲೀಕರಣ ಅಂತ ಹೇಳ್ಲಿಕ್ಕೂ ಆಗ್ತದೆ” ಎಂದು ಒಪ್ಪಿದರು.

ಬೆಳಿಗ್ಗೆ ಮಲ್ಪೆಯಿಂದ ಮೀನಿನ ಟೆಂಪೋ ಬರುವ ಹೊತ್ತಿಗೆ ನಾನೂ ಹೋಗಿ ಎದುರಿಗೆ ಒಂದು ಮಣೆ ಹಾಕಿ ಕೂರುತ್ತಿದ್ದೆ. ಮುಖ ಬರೆಯುವುದು ಸುಲಭ, ಕೂರುವ ಭಂಗಿ ಹಿಡಿಯುವುದು ಕಷ್ಟ. ಕಾಲಲ್ಲಿ ಮೆಟ್ಟಿ ಹಿಡಿದು ಮೀನು ಕೊಚ್ಚುವ ಮೆಟ್ಟುಕತ್ತಿಯ ಮುಂದೆ ಕೂತಾಗ ಒಬ್ಬೊಬ್ಬರ ಬೆನ್ನು ಒಂದೊಂದು ರೀತಿ ಬಾಗುತ್ತದೆ. ಅವರ ಬೇಡಿಕೆಗಳು ಬೇರೆ. ಒಬ್ಬರಿಗೆ ಮಗಳ ಮದುವೆಯಲ್ಲಿ ಉಟ್ಟ ಸೀರೆಯಲ್ಲೇ ಇರಬೇಕು. ಇನ್ನೊಬ್ಬರ ಮುಂದೆ ಇದ್ದದ್ದು ಅಗ್ಗದ ಬೂತಾಯಿ ಮೀನಿನ ರಾಶಿ, ಆಸೆ ಮಾತ್ರ ದುಬಾರಿ ಮೀನಿನದು. “ನನ್ನೆದುರು ಅಂಜಲ್ ಹಾಕಿ ಬಾಯಮ್ಮ, ಅದೂ ದೊಡ್ಡದು. ಬಣ್ಣದಲ್ಲಿ ಬರೆಯುವಾಗಲೂ ಕಂಜೂಸುತನ ಯಾಕೆ?” ಎಂದರು.

ಎಲ್ಲರಿಗಿಂತ ಗಟ್ಟಿ ಗಂಟಲು ಮೂರನೆಯ ಜಾಗದವರದ್ದು. ಯಾವಾಗ ನೋಡಿದರೂ ಹಸಿರು ಸೀರೆ. ಗಿರಾಕಿಯೊಡನೆಯೂ ಜಗಳ, ಟೆಂಪೋದವನೊಡನೆಯೂ ಜಗಳ, ಕಾಗೆಯೊಡನೆಯೂ ಜಗಳ. ಅವರ ಪಕ್ಕದಲ್ಲಿ ಒಂದು ಮಡಚಿದ ಗೋಣಿಚೀಲ ಇರುತ್ತಿತ್ತು, ಅದರ ಮೇಲೆ ಒಂದು ಕಲ್ಲು. ಗಾಳಿಗೆ ಹಾರದಿರಲೆಂದು ಯಾರೋ ಇಟ್ಟಿರಬೇಕು ಎಂದುಕೊಂಡೆನೇ ಹೊರತು ಅದರ ಬಗ್ಗೆ ನಾನು ಯಾರನ್ನೂ ಕೇಳಲಿಲ್ಲ.

ಕೊನೆಗೊಂದು ಬೆಳಿಗ್ಗೆ ಪ್ಲಾಸ್ಟಿಕ್ ಹಾಳೆ ಒಣಗಿಯೇ ಇತ್ತು. ಉಜ್ಜುಕಾಗದದಲ್ಲಿ ಗೋಡೆ ತಿಕ್ಕಿ, ಧೂಳು ಒರೆಸಿ, ಪ್ರೈಮರ್ ಹೊಡೆದು, ಅದರ ಮೇಲೆ ತೆಳುವಾದ ಮರಳಿನ ಬಣ್ಣ ಬಳಿದೆ. ನೀಲಿಪುಡಿಯಲ್ಲಿ ಅದ್ದಿದ ನೂಲನ್ನು ಎರಡು ತುದಿಯಲ್ಲಿ ಬಿಗಿದು ಚಿಟ್ಟನೆ ಹೊಡೆದು ಗೆರೆ ಬೀಳಿಸಿ, ಗೋಡೆಯಿಡೀ ಚೌಕಗಳನ್ನು ಮಾಡಿಕೊಂಡೆ. ಕಾಗದದ ಒಂದು ಚೌಕದಲ್ಲಿರುವುದು ಗೋಡೆಯ ಒಂದು ಚೌಕಕ್ಕೆ. ಇದ್ದಿಲಿನಲ್ಲಿ ಆರು ಹೆಂಗಸರನ್ನು ಬರೆದೆ. ಎತ್ತರದವರನ್ನು ನಡುವೆ ಕೂರಿಸಿದೆ. ಬಣ್ಣ ಇನ್ನೂ ಮನಸ್ಸಿನ ಲೆಕ್ಕದಲ್ಲಿ ಮಾತ್ರ: ಹಳದಿ ಸೀರೆಯ ಪಕ್ಕ ನೀಲಿ, ನೀಲಿಯ ಪಕ್ಕ ಕೆಂಪು. ಹಸಿರನ್ನು ಬಲತುದಿಗೆ ತಂದೆ, ಕಣ್ಣು ಅಲ್ಲಿ ಹೋಗಿ ನಿಲ್ಲಲಿ ಎಂದು. ಏಣಿ ಇಳಿದು ದೂರದಿಂದ ನೋಡಿದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವಷ್ಟು ಚೆಂದ ಕಂಡಿತು.

ಮರುದಿನ ಎಲ್ಲರನ್ನೂ ಒಳಗೆ ಕರೆದು ತೋರಿಸಿದೆ. ಹಸಿರು ಸೀರೆಯ ಅಕ್ಕ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ನಡೆದು ಒಮ್ಮೆ ನೋಡಿದರು. ಆಮೇಲೆ ನನ್ನನ್ನೊಮ್ಮೆ ನೋಡಿ, ಸೆರಗು ಕೊಡವಿ ಹೊರಗೆ ಹೋಗಿಬಿಟ್ಟರು. ಸದಾ ಬಾಯಿ ಮಾಡುವವರು ಏನೂ ಹೇಳದೆ ಹೋಗಿದ್ದರು.

“ಅವರನ್ನು ತುದಿಗೆ ಹಾಕಿದ್ದಕ್ಕೆ ಬೇಜಾರಾಯಿತಾ?” ಎಂದು ಹಿರಿಯಕ್ಕನನ್ನು ಕೇಳಿದೆ.

“ನನ್ನನ್ನೂ ನಾಲ್ಕನೆಯವಳು ಮಾಡಿದ್ದೀರಿ. ಅದು ಹೋಗ್ಲಿ, ಅಳಿಸಿ ಬರೀಬಹುದು,” ಎಂದರು ಹಿರಿಯಕ್ಕ. “ನಾವು ಏಳು ಜನ ಬಾಯಮ್ಮ. ನೀವು ಆರು ಜನ ಬರೆದದ್ದು.”

ಆಮೇಲೆ ಅವರು ಕಟ್ಟೆಯ ಮೇಲೆ ಕೂತು, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಇಲ್ಲಿ ಕೂರುವ ಜಾಗ ಅತ್ತೆಯಿಂದ ಸೊಸೆಗೆ, ಇಲ್ಲವೇ ತಾಯಿಯಿಂದ ಮಗಳಿಗೆ ಬರುವುದು. ಗಿರಾಕಿಗಳು ಬರುವುದು ಮುಖ ನೋಡಿ ಅಲ್ಲ, ಜಾಗ ನೋಡಿ. ಒಬ್ಬಳು ಬಾರದಿದ್ದರೆ ಅವಳ ಗೋಣಿಯನ್ನು ಮಡಚಿ ಕಲ್ಲಿಟ್ಟರೆ ಆಯಿತು. ಅಕ್ಕಪಕ್ಕದವರು ಎಷ್ಟೇ ಇಕ್ಕಟ್ಟಾದರೂ ಅದರ ಅಂಚು ದಾಟಿ ಬುಟ್ಟಿ ಇಡುವುದಿಲ್ಲ. ನಾಲ್ಕನೆಯ ಜಾಗದವರು ಹೊಳೆ ಬದಿಯ ಮನೆಯ ಅಕ್ಕ. ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಎದ್ದಾಗ ಎಡಗೈಯಲ್ಲಿ ಬಲ ಇರಲಿಲ್ಲ. ಅಂದಿನಿಂದ ಬಂದಿಲ್ಲ. ಗೋಣಿ ಮಾತ್ರ ಇದೆ.

“ಹೊಸ ಕಟ್ಟೆಯಲ್ಲಿ ಯಾರಿಗೆ ಎಲ್ಲಿ ಅಂತ ಇನ್ನೂ ಆಗ್ಲಿಲ್ಲ. ಪಂಚಾಯತಿಯವರು ಚೀಟಿ ಎತ್ತುವ ಅಂತಾರೆ. ಬಾರದವಳಿಗೆ ಜಾಗ ಯಾಕೆ, ಕೇಳುವವರು ಬೇರೆ ಇದ್ದಾರೆ ಅಂತಲೂ ಅಂತಾರೆ. ಈಗ ನೀವು ಗೋಡೆಯಲ್ಲೂ ಅವಳ ಜಾಗ ಮುಚ್ಚಿಬಿಟ್ರೆ ನಾವು ಎಂತ ತೋರಿಸಿ ಮಾತಾಡುವುದು?”

ಕಾರ್ಕಳದ ನಮ್ಮ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಅಮ್ಮ ಮೂರನೆಯ ಕಿಟಕಿಯ ಪಕ್ಕದ ಬೆಂಚಿನ ತುದಿಯಲ್ಲಿ ಕೂರುತ್ತಿದ್ದರು. ಅಮ್ಮ ತೀರಿಹೋದ ಮೇಲೂ ಬಹಳ ಕಾಲ ಆ ತುದಿಯಲ್ಲಿ ಯಾರೂ ಕೂರಲಿಲ್ಲ. ಪೂಜೆಗೆ ಎಷ್ಟು ಜನ ತುಂಬಿದರೂ ಒಂದಾಳಿನಷ್ಟು ಜಾಗ ಅಲ್ಲಿ ಉಳಿದಿರುತ್ತಿತ್ತು. ಹೇಳಿಕೊಟ್ಟವರು ಯಾರೂ ಇಲ್ಲ. ಅದನ್ನು ನೋಡುತ್ತಾ ಬೆಳೆದವಳಿಗೆ ಒಂದು ಗೋಣಿಚೀಲ ಅರ್ಥವಾಗಲಿಲ್ಲವಲ್ಲ ಎಂದು ದುಃಖವಾಯಿತು.

ಅಂದು ಮಧ್ಯಾಹ್ನವೇ ಹೊಳೆ ಬದಿಯ ಅಕ್ಕನ ಮನೆಗೆ ಹೋದೆ. ಅವರು ಜಗಲಿಯಲ್ಲಿ ಬಾಲ್ದಿಯ ಮುಂದೆ ಕೂತು ಒದ್ದೆ ಬಟ್ಟೆಯನ್ನು ಎಡಗೈಯಲ್ಲಿ ಹಿಂಡುತ್ತಿದ್ದರು. ಮಣಿಪಾಲದಲ್ಲಿ ಲ್ಯಾಬ್ ಕೆಲಸ ಮಾಡುವ ಮಗಳು ಕೈಯ ವ್ಯಾಯಾಮಕ್ಕೆಂದು ರಬ್ಬರ್ ಚೆಂಡು ತಂದುಕೊಟ್ಟಿದ್ದಳಂತೆ. “ಚೆಂಡು ಹಿಂಡಿದರೆ ಎಂತ ಬರ್ತದೆ? ಬಟ್ಟೆಯಾದ್ರೆ ನೀರಾದರೂ ಬರ್ತದೆ, ಎಷ್ಟು ಬಲ ಬಂತು ಅಂತ ಗೊತ್ತಾಗ್ತದೆ,” ಎಂದರು. ಒಂದೆರಡು ಹನಿ ಬಿತ್ತು. ಅವರು ಅದನ್ನು ನೋಡಿ ತಲೆಯಾಡಿಸಿಕೊಂಡರು.

ನಾನು ವಿಷಯ ಹೇಳಿ, ಸ್ವಲ್ಪ ಹೊತ್ತು ಹಾಗೆಯೇ ಕೂತಿರಿ, ಒಂದು ಚಿತ್ರ ಬರೆದುಕೊಳ್ಳುತ್ತೇನೆ ಎಂದೆ. ಅವರು ತಕ್ಷಣ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡರು.

“ಬೇಡ ಬಾಯಮ್ಮ. ಅಲ್ಲಿ ಕೂರದವಳ ಚಿತ್ರ ಗೋಡೆಯಲ್ಲಿದ್ರೆ ಜನ ಅದಕ್ಕೆ ಹಾರ ಹಾಕ್ತಾರೆ. ನಾನು ಇನ್ನೂ ಇದ್ದೇನಲ್ಲ.”

“ಹಾಗಾದರೆ ಬಿಟ್ಟುಬಿಡಲಾ ಅಕ್ಕ?”

“ಬಿಟ್ರೆ ಜಾಗ ಹೋಗ್ತದೆ.” ಅವರು ಬಲಗೈಯಲ್ಲಿ ಬಾಲ್ದಿಯನ್ನು ಪಕ್ಕಕ್ಕೆ ಸರಿಸಿದರು. “ಅದು ನನ್ನ ಅತ್ತೆಯ ಜಾಗ. ಮದುವೆಯಾಗಿ ಬಂದ ಮೇಲೆ ನಾನು ಮನೆಗಿಂತ ಹೆಚ್ಚು ಅಲ್ಲೇ ಕೂತದ್ದು. ಮಗಳು ಹೇಳ್ತಾಳೆ, ಸಾಕಮ್ಮ, ಇನ್ನು ಆರಾಮ ಮಾಡು ಅಂತ. ಕೈ ಸರಿಯಾಗ್ಲಿ ಅಂತ ನಾನು ದಿನಾ ಬಟ್ಟೆ ಹಿಂಡುವುದು ಯಾಕೆ ಹೇಳಿ? ಜಾಗ ಉಂಟು ಅಂತ. ಜಾಗವೇ ಹೋದ್ರೆ ನಾನು ಇಲ್ಲಿ ಕೂತು ಹಿಂಡುವುದು ಬರೀ ನೀರು.”

ಬರೆದರೆ ಸತ್ತವರ ಲೆಕ್ಕ, ಬರೆಯದಿದ್ದರೆ ಇಲ್ಲದವರ ಲೆಕ್ಕ. ಚಹಾ ಕುಡಿದು ಎದ್ದೆ. ಹೊರಡುವಾಗ ಅವರು ಅಂಗಳದವರೆಗೆ ಬಂದರು. ಬಿಸಿಲಿನಲ್ಲಿ ಅವರ ಮುಖದ ಬಣ್ಣವನ್ನು ಒಮ್ಮೆ ಸರಿಯಾಗಿ ನೋಡಿಕೊಂಡೆ.

ಮನೆಗೆ ಬಂದವಳೇ ಆ ಬಣ್ಣವನ್ನು ಕಲಸಿದೆ. ಕಾವಿಗೆ ಸ್ವಲ್ಪ ಹಳದಿ, ತುಸು ಬಿಳಿ, ಎಳ್ಳಿನಷ್ಟು ನೀಲಿ. ಉಪ್ಪಿನಕಾಯಿಯ ಒಂದು ಖಾಲಿ ಬಾಟಲಿಗೆ ಅದನ್ನು ತುಂಬಿ, ಮೇಲೆ ಚೂರು ನೀರು ಚಿಮುಕಿಸಿ, ಪ್ಲಾಸ್ಟಿಕ್ ಇಟ್ಟು ಮುಚ್ಚಳ ಬಿಗಿದೆ. ಯಾಕೆ ಮಾಡಿದೆನೆಂದು ಆ ಹೊತ್ತಿಗೆ ನನಗೆ ಗೊತ್ತಿರಲಿಲ್ಲ.

ಮರುದಿನ ಗೋಡೆಯ ಇದ್ದಿಲನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ನಾನು ಲೆಕ್ಕ ಹಾಕಿದ್ದ ಹಳದಿ, ನೀಲಿ, ಕೆಂಪಿನ ಚೆಂದವೆಲ್ಲ ಕಪ್ಪು ನೀರಾಗಿ ಕಟ್ಟೆಯ ಮೇಲೆ ಇಳಿಯಿತು. ಹೆಂಗಸರನ್ನೇ ಕರೆದು ಹಳೆಯ ಸಾಲಿನಂತೆ ಅವರವರ ಜಾಗದಲ್ಲಿ ನಿಲ್ಲಿಸಿ ಹೊಸದಾಗಿ ಗುರುತು ಹಾಕಿಕೊಂಡೆ. ಮೂರನೆಯ ಜಾಗಕ್ಕೆ ಹಸಿರು ಸೀರೆಯ ಅಕ್ಕ ಬಂದು ನಿಂತರು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಬಿಟ್ಟು ಐದನೆಯವರನ್ನು ನಿಲ್ಲಿಸಿದೆ.

“ಇನ್ನೂ ಸ್ವಲ್ಪ ಬಿಡಿ,” ಎಂದರು ಹಸಿರು ಸೀರೆಯವರು. “ಅವಳು ಕೂತರೆ ಮೊಣಕಾಲು ಅಗಲ ಮಾಡಿ ಕೂರುವುದು. ಎಷ್ಟು ಸಲ ಇದಕ್ಕೇ ಜಗಳ ಆಗಿದೆ ಗೊತ್ತುಂಟಾ? ನನ್ನ ಗಿರಾಕಿಗಳನ್ನೂ ಕರೆದು ಕರೆದು ತಗೊಳ್ತಾಳೆ, ಸಾಯ್ಲಿ.”

“ಹಾಗಾದರೆ ಅವರು ಬಾರದಿದ್ದರೆ ನಿಮಗೆ ಆರಾಮ ಅಲ್ವಾ ಅಕ್ಕ?”

ಅವರು ನನ್ನನ್ನು ಸುಡುವ ಹಾಗೆ ನೋಡಿದರು. “ಎಂತ ಮಾತು ಬಾಯಮ್ಮ ಇದು? ನನಗೆ ಜಗಳ ಮಾಡ್ಲಿಕ್ಕೆ ಜನ ಬೇಡ್ವಾ? ಬೇರೆಯವರಿಗೆಲ್ಲ ಎರಡು ಮಾತಿಗೇ ಅಳು ಬರ್ತದೆ!”

ಅಂದು ಅವರು ಸುಮ್ಮನೆ ಹೊರಟುಹೋದದ್ದು ಯಾಕೆಂದು ನನಗೆ ಆಗ ತಿಳಿಯಿತು.

ಅರ್ಧ ಕೆಲಸವಾಗುವಾಗ ಗೋಡೆ ತನ್ನ ಬುದ್ಧಿ ತೋರಿಸಿತು. ಕಟ್ಟೆ ತೊಳೆದು ನೋಡಲೆಂದು ಯಾರೋ ಪೈಪು ಬಿಟ್ಟಿದ್ದರು. ನೀರು ಅಡಿಯಿಂದ ಏರಿ, ಮೊಣಕಾಲೆತ್ತರಕ್ಕೆ ಬೂದಿ ಹಚ್ಚಿದ ಹಾಗೆ ಬಿಳಿ ಉಪ್ಪು ಎದ್ದುಬಂತು. ಚಿತ್ರದ ಮೀನಿನ ಬುಟ್ಟಿಗಳೆಲ್ಲ ಅದರಲ್ಲಿ ಮುಳುಗಿದವು. ಅಳು ಬರುವುದೊಂದು ಬಾಕಿ. ಉಪ್ಪನ್ನು ಒದ್ದೆ ಮಾಡಬಾರದು, ಮಾಡಿದರೆ ಮತ್ತೆ ಒಳಗೇ ಹೋಗುತ್ತದೆ. ಒಣ ಬ್ರಷ್ಷಿನಲ್ಲಿ ಕೆರೆದು ತೆಗೆದೆ, ಸಿಪ್ಪೆ ಎದ್ದ ಬಣ್ಣವನ್ನೆಲ್ಲ ಚೂರಿಯಲ್ಲಿ ಎಬ್ಬಿಸಿದೆ. ಕಟ್ಟೆಯೂ ಗೋಡೆಯೂ ಸೇರುವ ಸಂದಿಗೆ ಗಾರೆಯವರನ್ನು ಕರೆಸಿ ನೀರು ಏರದ ಹಾಗೆ ಮಾಡಿಸಿ, ಮತ್ತೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಮತ್ತೆ ಕಾದೆ. ಈ ಸಲ ಕಾಯುವುದು ಮೊದಲಿನಷ್ಟು ಕಷ್ಟವಾಗಲಿಲ್ಲ. ನನ್ನ ಚಹಾವನ್ನು ಹೆಂಗಸರೇ ತರಿಸುತ್ತಿದ್ದರು.

ಕೊನೆಗೆ ಆರು ಹೆಂಗಸರೂ ಗೋಡೆಗೆ ಬಂದು ಕೂತರು. ಮದುವೆಯ ಸೀರೆ, ದೊಡ್ಡ ಅಂಜಲ್, ಎಲ್ಲವೂ ಬಂತು. ನಾಲ್ಕನೆಯ ಜಾಗದಲ್ಲಿ ಮಡಚಿದ ಗೋಣಿ, ಮೇಲೊಂದು ಕಲ್ಲು. ಗೋಣಿಯ ಮೇಲಕ್ಕೆ ಬರೀ ಮರಳಿನ ಬಣ್ಣದ ಗೋಡೆ. ಎರಡೂ ಬದಿಯವರ ಬುಟ್ಟಿಗಳು ಆ ಜಾಗದ ಅಂಚಿನಲ್ಲೇ ನಿಂತಿದ್ದವು. ಹಸಿರು ಸೀರೆಯವರು ಕಣ್ಣಳತೆಯಲ್ಲಿ ಅದನ್ನು ದಿನಾ ಪರೀಕ್ಷಿಸುತ್ತಿದ್ದರು.

ಸದಸ್ಯರು ಬಂದು ನೋಡಿದರು. “ಎಲ್ಲ ಫಸ್ಟ್ ಕ್ಲಾಸ್ ಮೇಡಂ. ನಡುವೆ ಇದೊಂದು ಖಾಲಿ ಯಾಕೆ? ಉದ್ಘಾಟನೆಗೆ ಬಂದವರು ಕೇಳ್ತಾರೆ. ಅಲ್ಲಿ ಒಂದು ಯಕ್ಷಗಾನದ ವೇಷ ನಿಲ್ಲಿಸಿಬಿಡಿ, ತುಂಬ್ತದೆ.”

ಅವರು ಕೆಟ್ಟ ಮನುಷ್ಯರೇನೂ ಅಲ್ಲ. ಅವರಿಗೆ ಗೋಡೆ ತುಂಬಿ ಕಾಣಬೇಕಿತ್ತು, ಅಷ್ಟೇ. ಮೊದಲಾಗಿದ್ದರೆ ನಾನೂ ಒಂದು ವೇಷ ನಿಲ್ಲಿಸಿ ಕೈತೊಳೆದುಕೊಳ್ಳುತ್ತಿದ್ದೆನೋ ಏನೋ. “ಅದು ಖಾಲಿ ಇಲ್ಲ ಸರ್, ಅಲ್ಲಿ ಜನ ಇದ್ದಾರೆ. ಅದನ್ನು ತುಂಬಿಸಲೇಬೇಕೆಂದರೆ ಇಡೀ ಗೋಡೆಗೆ ಬಿಳಿ ಬಳಿದುಬಿಡಿ, ನಾನು ಬೇಜಾರು ಮಾಡುವುದಿಲ್ಲ,” ಎಂದೆ. ಬೇಜಾರು ಆಗದೆ ಇರುತ್ತದೆಯೇ?

ಸದಸ್ಯರು ಹಿರಿಯಕ್ಕನ ಕಡೆ ತಿರುಗಿದರು. ಹಿರಿಯಕ್ಕ ಕಟ್ಟೆ ಹತ್ತಿ, ಗೋಡೆಯಲ್ಲಿ ತಾನಿದ್ದ ಕಡೆ ಹೋಗಿ ತನ್ನ ಚಿತ್ರದ ಕೆಳಗೆ ಕೂತುಬಿಟ್ಟರು. ಹಿಂದೆಯೇ ಎರಡನೆಯವರು. ನಾಲ್ಕನೆಯ ಜಾಗಕ್ಕೆ ಹಸಿರು ಸೀರೆಯವರು ಹೊರಗಿನಿಂದ ನಿಜವಾದ ಗೋಣಿಯನ್ನೂ ಕಲ್ಲನ್ನೂ ತಂದಿಟ್ಟು, ಮೂರನೆಯ ಜಾಗದಲ್ಲಿ ತಾವು ಕೂತರು. ಮತ್ತೆ ಉಳಿದವರು.

“ಚೀಟಿ ಎಲ್ಲ ಯಾಕೆ ಮಾರಾಯ್ರೆ,” ಎಂದರು ಹಿರಿಯಕ್ಕ. “ಇಲ್ಲಿ ನೋಡಿ, ಸರಿಯಾಗಿ ಉಂಟಲ್ಲ.”

ಸದಸ್ಯರು ಗೋಡೆ ನೋಡಿದರು, ಕಟ್ಟೆ ನೋಡಿದರು, ತಲೆ ಕೆರೆದುಕೊಂಡರು. “ಸರಿ, ಹಾಗೇ ಇರ್ಲಿ. ಅವರು ಬರ್ತಾರಂತ ಆದ್ರೆ ಬರ್ಲಿ” ಎಂದು ಹೊರಟರು. ಕೊನೆಯ ದಿನ ಬಣ್ಣದ ರಕ್ಷಣೆಗೆ ಇಡೀ ಗೋಡೆಗೆ ಪಾರದರ್ಶಕ ಲೇಪ ಹೊಡೆದೆ, ನಾಲ್ಕನೆಯ ಜಾಗ ಒಂದನ್ನು ಬಿಟ್ಟು. ಆ ಲೇಪ ಬಿದ್ದರೆ ಮತ್ತೆ ಅದರ ಮೇಲೆ ಬಣ್ಣ ಚೆನ್ನಾಗಿ ಹಿಡಿಯುವುದಿಲ್ಲ.

ಉದ್ಘಾಟನೆಯಾಯಿತು. ನಾನು ಬೇರೆ ಗೋಡೆಗಳಿಗೆ ಹೋದೆ. ಪೆರ್ಡೂರಿನಲ್ಲೊಂದು ಅಂಗನವಾಡಿ, ಕಾರ್ಕಳದಲ್ಲೊಂದು ವಾಚನಾಲಯ. ಉಪ್ಪಿನಕಾಯಿ ಬಾಟಲಿ ಅಡುಗೆಮನೆಯ ಕಿಟಕಿಯಲ್ಲಿತ್ತು. ಆಗಾಗ ಮುಚ್ಚಳ ತೆಗೆದು, ಕೆನೆ ಕಟ್ಟದಂತೆ ಕಡ್ಡಿಯಲ್ಲಿ ಕದಡಿ, ಎರಡು ಹನಿ ನೀರು ಹಾಕಿ ಮುಚ್ಚುತ್ತಿದ್ದೆ. ಒಮ್ಮೊಮ್ಮೆ ಅದನ್ನು ಕದಡುವಾಗ ಅಮ್ಮನ ನೆನಪು ಬರುತ್ತಿತ್ತು.

ಬೇಸಿಗೆ ಜೋರಾದ ಮೇಲೆ ಒಂದು ಬೆಳಿಗ್ಗೆ ಹಿರಿಯಕ್ಕನ ಫೋನು. “ಬಾಯಮ್ಮ, ಬಣ್ಣ ತನ್ನಿ.” ಬೇರೇನೂ ಹೇಳಲಿಲ್ಲ, ಬೇಕಾಗಿಯೂ ಇರಲಿಲ್ಲ.

ನಾನು ಹೋಗುವಾಗ ಹೊಳೆ ಬದಿಯ ಅಕ್ಕ ತನ್ನ ಗೋಣಿಯನ್ನು ಬಿಡಿಸಿ ಹಾಸಿ ಕೂತಿದ್ದರು. ಕಲ್ಲು ಪಕ್ಕಕ್ಕೆ ಸರಿದಿತ್ತು. ಮಗಳು ಸ್ಕೂಟರಿನಲ್ಲಿ ತಂದುಬಿಟ್ಟು, ಮಧ್ಯಾಹ್ನ ಬರುತ್ತೇನೆಂದು ಕೆಲಸಕ್ಕೆ ಹೋಗಿದ್ದಳು. ನಾನು ಬ್ರಷ್ ತೆಗೆದೆ.

“ಈಗಲೇ ಬೇಡ ಬಾಯಮ್ಮ,” ಎಂದರು ಅವರು. “ಇವತ್ತು ಬರೀ ಕೈಯಲ್ಲಿ ಬಂದದ್ದು. ಮೀನಿಲ್ಲದೆ ಕೂತವಳನ್ನು ಬರೆದ್ರೆ ನೆಂಟರ ಮನೆಗೆ ಬಂದ ಹಾಗೆ ಕಾಣ್ತದೆ.”

ಪಕ್ಕದಲ್ಲಿ ಹಸಿರು ಸೀರೆಯವರು ಇತ್ತ ತಿರುಗಿಯೂ ನೋಡಲಿಲ್ಲ. ತನ್ನೆದುರಿನ ಬಂಗುಡೆಯ ಬುಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು ಪಕ್ಕದ ಜಾಗಕ್ಕೆ ನೂಕಿದರು. ಅಷ್ಟು ಕಾಲ ಅವರು ಆ ಅಂಚನ್ನು ದಾಟಿದ್ದನ್ನು ನಾನು ನೋಡಿರಲಿಲ್ಲ.

ಬಂಗುಡೆ ಕೇಳಿಕೊಂಡು ಒಬ್ಬರು ಗಿರಾಕಿ ಬಂದರು. ಹೊಳೆ ಬದಿಯ ಅಕ್ಕ ಬಲಗೈಯಲ್ಲಿ ಆರಿಸಿದರು. ಗಿರಾಕಿ ಕೊಚ್ಚಿ ಕೊಡಿ ಎಂದಾಗ ಒಂದು ಕ್ಷಣ ಕೈ ನಿಂತಿತು. ಮೆಟ್ಟುಕತ್ತಿಗೆ ಎರಡೂ ಕೈ ಬೇಕು. ಹಸಿರು ಸೀರೆಯವರು ಮೀನನ್ನು ಕಸಿದುಕೊಂಡ ಹಾಗೆ ತೆಗೆದುಕೊಂಡು, ಗೊಣಗುತ್ತಾ ಕೊಚ್ಚಿ, ಹೊಳೆ ಬದಿಯ ಅಕ್ಕನ ಕೈಗೇ ವಾಪಸು ಕೊಟ್ಟರು. ಗಿರಾಕಿ ದುಡ್ಡು ಕೊಟ್ಟು ಹೋದರು.

ಆಮೇಲೆ ಹೊಳೆ ಬದಿಯ ಅಕ್ಕ ಮೊಣಕಾಲು ಅಗಲಿಸಿ ಸರಿಯಾಗಿ ಕೂತರು. ಅತ್ತ ಇತ್ತ ನೋಡಿದರು.

“ನಿನ್ನ ಬುಟ್ಟಿ ನನ್ನ ಜಾಗದಲ್ಲುಂಟು. ಆಚೆ ತೆಗಿ.”

“ನೋಡಿ, ನೋಡಿ!” ಹಸಿರು ಸೀರೆಯವರು ಇಡೀ ಮಾರುಕಟ್ಟೆಗೆ ಕೇಳುವ ಹಾಗೆ ಕೂಗಿದರು. “ಬಂದ ಕೂಡಲೇ ಶುರು ಮಾಡಿದ್ಲು ಇವಳು!” ಬೆರಳಿಗೆ ಮೀನಿನ ಚಿಪ್ಪು ಅಂಟಿದ್ದರಿಂದ ಮೊಣಕೈಯಿಂದ ಕಣ್ಣೊರೆಸಿಕೊಂಡು, ಎರಡು ಪಟ್ಟು ಜೋರಾಗಿ ಜಗಳಕ್ಕೆ ನಿಂತರು.

ನಾನು ಬಾಟಲಿಯ ಮುಚ್ಚಳ ತೆಗೆದೆ.